ನಡೆಯದೆ ಹೋದ ನೌಕಾದ್ವಂದ್ವ

ಕರ್ಣನು ಕವಚಕುಂಡಲಗಳನ್ನು ಇಂದ್ರನಿಗೆ ಕೊಡದೆ ಇದ್ದಿದ್ದರೆ ಹದಿನೇಳನೆಯ ದಿನದ ಯುದ್ಧ ಹೇಗೆ ಮುಗಿಯುತ್ತಿತ್ತು? ಗಮಕ ವಾಚನ ಮುಗಿದ ಮೇಲೆ ಜಗಲಿಯ ಹಿರಿಯರಲ್ಲಿ ಈ ಪ್ರಶ್ನೆ ಎದ್ದಿತೆಂದರೆ ರಾತ್ರಿಯೆಲ್ಲ ಸಾಲದು. ನೌಕಾ ಇತಿಹಾಸವನ್ನು ಓದುವವರಲ್ಲಿಯೂ ಇಂಥದೇ ಒಂದು ಚಟವುಂಟು. ಅವರ ಕರ್ಣಾರ್ಜುನರು ಉಕ್ಕಿನವರು: ಜಪಾನಿನ ‘ಯಮಾಟೊ’ ಮತ್ತು ಅಮೆರಿಕದ ‘ಅಯೋವಾ’. ಈ ಎರಡು ಮಹಾನೌಕೆಗಳು ಎದುರೆದುರು ನಿಂತು ಹೋರಾಡಿದ್ದರೆ ಗೆಲ್ಲುತ್ತಿದ್ದುದು ಯಾವುದು ಎಂಬುದು, ಯುದ್ಧ ಮುಗಿದು ಎಂಬತ್ತು ವರ್ಷ ಕಳೆದರೂ ತೀರದ ಜಿಜ್ಞಾಸೆ.

ಈ ಚಟ ಹೊಸದೇನಲ್ಲ. ಇಂಗ್ಲೆಂಡಿನ ಫ್ರೆಡ್ ಜೇನ್ ಎಂಬಾತ 1898ರಲ್ಲಿ ಜಗತ್ತಿನ ಯುದ್ಧನೌಕೆಗಳ ಸಚಿತ್ರ ಗ್ರಂಥವೊಂದನ್ನು ಪ್ರಕಟಿಸಿದ. ಮೇಜಿನ ಮೇಲೆ ಆಡುವ ನೌಕಾಯುದ್ಧದ ಆಟವೊಂದನ್ನೂ ಹೊರತಂದ. ಯಾವ ಹಡಗಿಗೆ ಎಷ್ಟು ದಪ್ಪದ ಕವಚ, ಎಂಥ ಫಿರಂಗಿ ಎಂದು ಲೆಕ್ಕ ಹಾಕಿ ಸೋಲುಗೆಲವನ್ನು ನಿರ್ಣಯಿಸುವ ಅಭ್ಯಾಸ ಅಂದಿನಿಂದ ಬೆಳೆದುಬಂದಿದೆ. ನಾನು ಕನ್ನಡ ಪಾಠ ಹೇಳುವವನು, ಉಕ್ಕಿನ ಶಾಸ್ತ್ರ ನನ್ನದಲ್ಲ. ಆದರೂ ಈ ವಾದಗಳನ್ನು ಓದುವುದೆಂದರೆ ನನಗೆ ಬಲು ಇಷ್ಟ.

ಮೊದಲು ಎರಡು ನೌಕೆಗಳ ಜಾತಕವನ್ನು ನೋಡೋಣ. ಯಮಾಟೊವಿನ ಪೂರ್ಣಭಾರ ಸುಮಾರು 72,000 ಟನ್ನು. ಅದರ ಒಂಬತ್ತು ಫಿರಂಗಿಗಳ ಬಾಯಿಯ ಅಗಲ 46 ಸೆಂಟಿಮೀಟರು. ಒಂದೊಂದು ಗುಂಡಿನ ತೂಕ 1,460 ಕಿಲೋಗ್ರಾಂ. ಪಕ್ಕದ ಕವಚದ ದಪ್ಪ 410 ಮಿಲಿಮೀಟರು, ಎಂದರೆ ಒಂದು ಮೊಳಕ್ಕೆ ತುಸು ಕಡಮೆ. ಅಯೋವಾಕ್ಕೂ ಒಂಬತ್ತೇ ಫಿರಂಗಿ. ಆದರೆ ಅಗಲ 16 ಅಂಗುಲ, ಗುಂಡು 1,225 ಕಿಲೋಗ್ರಾಂ, ಕವಚ 307 ಮಿಲಿಮೀಟರು. ಕಾಗದದ ಮೇಲೆ ಯಮಾಟೊ ಗೆದ್ದಂತೆಯೇ ಸರಿ. ಅಯೋವಾ ಪಕ್ಷದವರು ಅಷ್ಟಕ್ಕೆ ಬಿಡುವವರಲ್ಲ. ತಮ್ಮ ನೌಕೆಯ ವೇಗ ಗಂಟೆಗೆ 33 ನಾವಿಕ ಮೈಲಿ, ಎದುರಾಳಿಯದು 27. ಬೇಕೆನಿಸಿದಾಗ ಹತ್ತಿರ ಬಂದು, ಬೇಡವೆನಿಸಿದಾಗ ದೂರ ಸರಿಯಬಹುದು ಎನ್ನುತ್ತಾರೆ. ಅದಕ್ಕಿಂತ ಮಿಗಿಲಾಗಿ, ಅದರ ರಾಡಾರ್ ಕತ್ತಲೆಯಲ್ಲಿಯೂ ಹೊಗೆಯಲ್ಲಿಯೂ ಗುರಿ ಹಿಡಿಯಬಲ್ಲದು.

ಕವಚವೆಂದರೆ ಹಡಗಿಗೆಲ್ಲ ಉಕ್ಕಿನ ಅಂಗಿ ತೊಡಿಸುವುದಲ್ಲ. ಹಾಗೆ ಮಾಡಿದರೆ ಹಡಗು ತೇಲದು. 1916ರಲ್ಲಿ ಸೇವೆಗೆ ಬಂದ ಅಮೆರಿಕದ ‘ನೆವಾಡಾ’ದಿಂದ ಮೊದಲುಗೊಂಡು ಒಂದು ಪದ್ಧತಿ ರೂಢಿಗೆ ಬಂದಿತು. ಮದ್ದಿನ ಕೋಠಿ, ಯಂತ್ರಾಗಾರ ಮೊದಲಾದ ಮರ್ಮಸ್ಥಾನಗಳಿಗೆ ದಪ್ಪ ಕವಚ; ಉಳಿದದ್ದು ಬರಿಮೈ. ಹತ್ತಿರದಿಂದ ಹಾರಿಸಿದ ಗುಂಡು ನೇರವಾಗಿ ಬಂದು ಹಡಗಿನ ಪಕ್ಕಕ್ಕೆ ಬಡಿಯುತ್ತದೆ. ಬಹುದೂರದಿಂದ ಹಾರಿಸಿದ್ದು ಆಕಾಶಕ್ಕೇರಿ ಆಲಿಕಲ್ಲಿನಂತೆ ಮೇಲಿನಿಂದ ಬೀಳುತ್ತದೆ. ಪಕ್ಕದ ಕವಚ ತಡೆಯುವಷ್ಟು ದೂರದಲ್ಲಿಯೂ, ಮೇಲಟ್ಟದ ಕವಚ ತಡೆಯುವಷ್ಟು ಹತ್ತಿರದಲ್ಲಿಯೂ ನಿಂತಿರುವ ತನಕ ಹಡಗು ಕ್ಷೇಮ. ಈ ಕ್ಷೇಮಮಂಡಲ ಯಾರಿಗೆ ಎಷ್ಟು ಅಗಲವೆಂಬುದೇ ವಾದದ ತಿರುಳು.

ಯಮಾಟೊವಿಗೆ ದುರ್ಯೋಧನನ ತೊಡೆಯಂಥ ತಾಣವೊಂದಿತ್ತು. ಪಕ್ಕದ ಮೇಲಿನ ಕವಚವೂ ಕೆಳಗಿನ ಕವಚವೂ ಕೂಡುವ ಸಂಧಿ ದುರ್ಬಲವಾಗಿತ್ತು. 1943ರ ಡಿಸೆಂಬರಿನಲ್ಲಿ ‘ಸ್ಕೇಟ್’ ಎಂಬ ಅಮೆರಿಕದ ಜಲಾಂತರ್ಗಾಮಿಯ ಟಾರ್ಪೆಡೊ ತಾಗಿದಾಗ ಆ ಸಂಧಿ ಬಿಟ್ಟುಕೊಂಡು ಸುಮಾರು 3,000 ಟನ್ನು ನೀರು ಒಳನುಗ್ಗಿತು. ಯುದ್ಧವಾದ ಮೇಲೆ, 1946ರಲ್ಲಿ, ಅಮೆರಿಕದವರು ಈ ವರ್ಗದ ಫಿರಂಗಿ ಗೋಪುರಕ್ಕೆಂದು ತಯಾರಾಗಿದ್ದ 66 ಸೆಂಟಿಮೀಟರು ದಪ್ಪದ ಕವಚದ ಹಲಗೆಯೊಂದಕ್ಕೆ 16 ಅಂಗುಲದ ಗುಂಡು ಹೊಡೆದು ನೋಡಿದರು. ಗುಂಡು ತೂರಿಹೋಯಿತು. ಒಂದು ಪಕ್ಷದವರು “ಕಂಡಿರಾ!” ಎನ್ನುತ್ತಾರೆ. ಇನ್ನೊಂದು ಪಕ್ಷದವರು, “ನೀವು ಹೊಡೆದದ್ದು ಹತ್ತಿರದಿಂದ, ನೆಟ್ಟಗೆ. ಹಡಗಿನಲ್ಲಿ ಆ ಹಲಗೆ ಓರೆಯಾಗಿರುತ್ತದೆ, ಗುಂಡು ಹತ್ತಾರು ಮೈಲಿ ಬಂದು ದಣಿದಿರುತ್ತದೆ” ಎನ್ನುತ್ತಾರೆ. ಎರಡೂ ನಿಜ!

ನಿಜವಾಗಿ ನಡೆದ ದ್ವಂದ್ವಯುದ್ಧಗಳೂ ಲೆಕ್ಕಕ್ಕೆ ಮಣಿದವಲ್ಲ. 1942ರ ನವೆಂಬರ್ 14ರ ರಾತ್ರಿ ಗ್ವಾಡಲ್‌ಕೆನಾಲ್ ದ್ವೀಪದ ಬಳಿ ‘ವಾಷಿಂಗ್ಟನ್’ ನೌಕೆ ರಾಡಾರಿನ ನೆರವಿನಿಂದ ಜಪಾನಿನ ‘ಕಿರಿಷಿಮಾ’ವನ್ನು ಕೆಲವೇ ನಿಮಿಷಗಳಲ್ಲಿ ಕೆಡಹಿತು. ಅದರ ಜೊತೆಗಾರ ‘ಸೌತ್ ಡಕೋಟಾ’ ಕೂಡ ಹೊಸ ಹಡಗೇ. ಆದರೆ ವಿದ್ಯುತ್ತು ಕೈಕೊಟ್ಟು ರಾಡಾರ್ ಸತ್ತಿತು. ಹಡಗು ಕುರುಡಾಗಿ ನಿಂತು ಏಟು ತಿಂದಿತು. ಸ್ವಿಚ್ಚು ಕೈಕೊಡುವುದಕ್ಕೆ ಎಷ್ಟು ಅಂಕ ಕಳೆಯಬೇಕೆಂದು ಯಾವ ಕೋಷ್ಟಕವೂ ಹೇಳದು.

ಯಮಾಟೊ ಅಯೋವಾಗಳು ಒಮ್ಮೆ ಸಂಧಿಸುವುದರಲ್ಲಿದ್ದವು. 1944ರ ಅಕ್ಟೋಬರ್ 24ರ ರಾತ್ರಿ ಯಮಾಟೊ ಇದ್ದ ಕುರಿತಾನ ಪಡೆ ಫಿಲಿಪೀನ್ಸಿನ ಸ್ಯಾನ್ ಬರ್ನಾರ್ಡಿನೊ ಜಲಸಂಧಿಯನ್ನು ದಾಟಿ ಬಂದಿತು. ಅಲ್ಲಿ ಕಾಯಬೇಕಾಗಿದ್ದ ಅಯೋವಾ, ಸೇನಾನಿ ಹಾಲ್ಸಿಯೊಡನೆ ಉತ್ತರಕ್ಕೆ ಹೋಗಿತ್ತು. ವಿಮಾನಗಳೇ ಹೆಚ್ಚಾಗಿ ಇಲ್ಲದ ವಿಮಾನವಾಹಕ ನೌಕೆಗಳನ್ನು ಮಾಯಾಮೃಗದಂತೆ ಮುಂದೆ ಬಿಟ್ಟು ಜಪಾನೀಯರು ಹಾಲ್ಸಿಯನ್ನು ಸೆಳೆದಿದ್ದರು. ಮರುದಿನ ಅಯೋವಾ ಧಾವಿಸಿ ಬರುವ ವೇಳೆಗೆ, ಕುರಿತಾ ಕೆಲವೇ ಗಂಟೆಗಳ ಮೊದಲು ಜಲಸಂಧಿಯನ್ನು ಹೊಕ್ಕು ಹಿಂದಿರುಗಿದ್ದ. ಎಂಬತ್ತು ವರ್ಷಗಳ ವಾದಕ್ಕೆಲ್ಲ ಆ ಕೆಲವು ಗಂಟೆಗಳೇ ಮೂಲ.

ಈ ಕಲ್ಪನಾಯುದ್ಧ ಯುದ್ಧಾನಂತರದ ವಿನೋದವೆಂದು ಮಾತ್ರ ತಿಳಿಯಬಾರದು. ಯಮಾಟೊ ಹುಟ್ಟಿದ್ದೇ ಇಂಥ ಕಲ್ಪನೆಯಿಂದ. 1922ರ ವಾಷಿಂಗ್ಟನ್ ಒಪ್ಪಂದವು ಅಮೆರಿಕ, ಬ್ರಿಟನ್ ಮತ್ತು ಜಪಾನುಗಳ ದೊಡ್ಡ ನೌಕೆಗಳಿಗೆ 5:5:3ರ ಪ್ರಮಾಣವನ್ನು ಗೊತ್ತುಮಾಡಿತು. ಸಂಖ್ಯೆಯಲ್ಲಿ ಗೆಲ್ಲಲಾರೆವಾದರೆ ಗಾತ್ರದಲ್ಲಿ ಗೆಲ್ಲೋಣವೆಂದು ಜಪಾನಿನ ನೌಕಾಧಿಕಾರಿಗಳು ಯೋಚಿಸಿದರು. ಅಮೆರಿಕದ ಹಡಗುಗಳು 110 ಅಡಿ ಅಗಲದ ಪನಾಮಾ ಕಾಲುವೆಯ ಬಾಗಿಲುಗಳಲ್ಲಿ ಹಿಡಿಸಬೇಕು. ಆದುದರಿಂದ ಅವರು 46 ಸೆಂಟಿಮೀಟರಿನ ಫಿರಂಗಿ ಹೊರುವ ಹಡಗನ್ನು ಕಟ್ಟಲಾರರು. ಒಂದೇ ಮಹಾಸಮರದಲ್ಲಿ ಶತ್ರುವನ್ನು ದೂರದಿಂದಲೇ ಮುಗಿಸಬಹುದು. ತರ್ಕ ಎಷ್ಟು ಚೊಕ್ಕ! 1937ರ ನವೆಂಬರಿನಲ್ಲಿ ಕುರೆ ಬಂದರಿನಲ್ಲಿ ಕೆಲಸ ಮೊದಲಾಯಿತು. ಫಿರಂಗಿಗಳ ಗುಟ್ಟು ಬಯಲಾಗದಿರಲೆಂದು ಕಡತಗಳಲ್ಲಿ ಅವನ್ನು 40 ಸೆಂಟಿಮೀಟರಿನವೆಂದು ಕರೆದರು. ಇನ್ನು ಮುಂದೆ ವಿಮಾನಗಳದೇ ಕಾಲವೆಂದು ವಿರೋಧಿಸಿದವನು ಯಾಮಾಮೊಟೊ. ಕೊನೆಗೆ ಆ ಹಡಗನ್ನೇ ಧ್ವಜನೌಕೆಯಾಗಿ ಏರಿದವನೂ ಅವನೇ.

ಯಮಾಟೊ ಸೇವೆಗೆ ಸೇರಿದ್ದು 1941ರ ಡಿಸೆಂಬರ್ 16ರಂದು. ಅದಕ್ಕೆ ಆರು ದಿನ ಮೊದಲು ಜಪಾನಿನ ವಿಮಾನಗಳೇ ಮಲಯದ ಸಮುದ್ರದಲ್ಲಿ ಬ್ರಿಟನ್ನಿನ ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’ಗಳನ್ನು ಮುಳುಗಿಸಿದ್ದವು. ತಮ್ಮ ಮಹಾನೌಕೆಯ ಗತಿಯೇನೆಂಬುದನ್ನು ಜಪಾನೀಯರೇ ಲೋಕಕ್ಕೆ ತೋರಿಸಿಕೊಟ್ಟಂತಾಯಿತು.

ಆ ಗತಿ ಒದಗಿದ್ದು 1945ರ ಏಪ್ರಿಲ್ 7ರಂದು. ಹಿಂದಿರುಗುವ ಆಸೆಯಿಲ್ಲದೆ ಓಕಿನಾವಾದ ಕಡೆಗೆ ಹೊರಟ ಯಮಾಟೊವನ್ನು ಅಮೆರಿಕದ ನೂರಾರು ವಿಮಾನಗಳು ಅಲೆಯಲೆಯಾಗಿ ಬಂದು ಮುತ್ತಿದವು. ಎರಡು ಗಂಟೆಗಳಲ್ಲಿ ಎಲ್ಲ ಮುಗಿಯಿತು. ಹಡಗಿನ ಜೊತೆಗೆ ಸುಮಾರು 3,000 ಜನ ಹೋದರು. ಅದನ್ನು ಕೊಂದ ವಿಮಾನಿಕರಲ್ಲಿ ಯಾರಿಗೂ ಕವಚವಿಲ್ಲದ ದ್ವಂದ್ವದ ಕನಸು ಬಿದ್ದಿರಲಾರದು. ಅವರು ಬಂದದ್ದು ಗುಂಪಾಗಿ, ಆಕಾಶದಿಂದ.

ಅಯೋವಾ ಇಂದು ಲಾಸ್ ಏಂಜಲೀಸಿನ ಬಂದರಿನಲ್ಲಿ ಸಂಗ್ರಹಾಲಯವಾಗಿ ನಿಂತಿದೆ. ಯಮಾಟೊ ಎರಡು ತುಂಡಾಗಿ ಕಡಲ ತಳದಲ್ಲಿದೆ. ಗೆಲ್ಲುತ್ತಿದ್ದುದು ಯಾವುದೆಂದು ವಾದಿಸುವ ಮಿತ್ರರು ವಾದಿಸಲಿ, ಅದರಿಂದ ಯಾರಿಗೂ ಕೇಡಿಲ್ಲ. ಅದೇ ವಾದ ಮೇಜಿನಿಂದೆದ್ದು ಒಂದು ರಾಷ್ಟ್ರದ ಬೊಕ್ಕಸಕ್ಕೂ ಹಡಗುಕಟ್ಟೆಗೂ ಹೋದಾಗ, ಅದರ ಬೆಲೆಯನ್ನು ತೆರುವವರು ವಾದಿಸಿದವರಲ್ಲ. ಹಡಗಿನ ಕೆಳ ಅಂತಸ್ತಿನಲ್ಲಿ, ಮೊಳದಪ್ಪದ ಉಕ್ಕಿನ ಹಿಂದೆ, ತಮ್ಮನ್ನು ಅದು ಕಾಯುತ್ತದೆಂದು ನಂಬಿ ದುಡಿಯುತ್ತಿದ್ದ ಹುಡುಗರು.