ಹಡಗು ಹತ್ತಿದವರ ಹಾಡುಗಳು

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಹಳ್ಳಿಗಳಲ್ಲಿ ಒಂದು ರೂಢಿಯಿತ್ತು. ಮನೆಯ ಮಗನೋ ಮಗಳೋ ಅಮೆರಿಕಕ್ಕೆ ಹೊರಟರೆ, ಹಿಂದಿನ ರಾತ್ರಿ ಊರಿನವರೆಲ್ಲ ಆ ಮನೆಯಲ್ಲಿ ಸೇರುತ್ತಿದ್ದರು. ಹೆಣದ ಮುಂದೆ ರಾತ್ರಿಯಿಡೀ ಜಾಗರಣೆ ಕೂರುವುದು ಅಲ್ಲಿನ ಪದ್ಧತಿ. ಬದುಕಿರುವ ಮಕ್ಕಳಿಗೂ ಅದೇ ಜಾಗರಣೆ! ಅದನ್ನು 'ಅಮೆರಿಕನ್ ವೇಕ್' ಎನ್ನುತ್ತಿದ್ದರು. ಹಾಡು, ಕುಣಿತ, ಬೆಳಗಾಗುತ್ತಲೇ ತಾಯಿಯ ಗೋಳು. ಹೋದವರು ಮರಳುವುದು ಅಪರೂಪವೆಂದು ಎಲ್ಲರಿಗೂ ಗೊತ್ತಿತ್ತು.

1841ರಲ್ಲಿ ಐರ್ಲೆಂಡಿನ ಜನಸಂಖ್ಯೆ 80 ಲಕ್ಷ ದಾಟಿತ್ತು. 1845ರಲ್ಲಿ ಬಡ ಗೇಣಿದಾರರ ಆಹಾರವೇ ಆಗಿದ್ದ ಆಲೂಗಡ್ಡೆಗೆ ರೋಗ ಬಡಿಯಿತು. ಮುಂದಿನ ಆರೇಳು ವರ್ಷಗಳಲ್ಲಿ ಹಸಿವು, ಜ್ವರಗಳಿಂದ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಬೆಳೆ ಕೆಡಿಸಿದ್ದು ರೋಗ, ನಿಜ. ಆದರೆ ಅದೇ ಹೊತ್ತಿಗೆ ಧಾನ್ಯವೂ ದನಗಳೂ ಇಂಗ್ಲೆಂಡಿಗೆ ಸಾಗುತ್ತಲೇ ಇದ್ದವು. ಗೇಣಿ ಕಟ್ಟಲಾಗದವರನ್ನು ಜಮೀನುದಾರರು ಹೊರಹಾಕಿ ಗುಡಿಸಲು ಕೆಡವಿಸುತ್ತಿದ್ದರು.

ಈ ಎರಡನೆಯ ಸತ್ಯವನ್ನು ಹಾಡುಗಳು ಮರೆಯಲಿಲ್ಲ. ಕ್ಷಾಮಕ್ಕೆ ತೀವ್ರವಾಗಿ ತುತ್ತಾದ ಊರುಗಳಲ್ಲೊಂದು ಸ್ಕಿಬ್ಬರೀನ್. ಅದೇ ಹೆಸರಿನ ಹಾಡಿನಲ್ಲಿ ಪರದೇಶದಲ್ಲಿ ಬೆಳೆದ ಮಗ, ಅಷ್ಟು ಚೆಂದದ ನಾಡನ್ನು ಏಕೆ ಬಿಟ್ಟೆ ಎಂದು ತಂದೆಯನ್ನು ಕೇಳುತ್ತಾನೆ. ತಂದೆ ಬೆಳೆರೋಗವನ್ನು ಹೇಳಿ ಸುಮ್ಮನಾಗುವುದಿಲ್ಲ. ಮನೆಯಿಂದ ಹೊರದಬ್ಬಿದ್ದು, ಹೆಂಡತಿಯ ಸಾವು, 1848ರ ದಂಗೆ ಎಲ್ಲವನ್ನೂ ಹೇಳುತ್ತಾನೆ. ಹಂಬಲದ ಹಾಡು ಅಲ್ಲಿ ಸಾಕ್ಷಿಯ ಹೇಳಿಕೆಯಾಗುತ್ತದೆ. ಐರಿಷ್ ಭಾಷೆಯಲ್ಲಿ ವಲಸೆ ಹೋದವನನ್ನು ಕರೆಯುವ ಪದಕ್ಕೂ ಗಡಿಪಾರಾದವನೆಂಬ ಅರ್ಥವಿರುವುದು ಸುಮ್ಮನೆ ಅಲ್ಲ.

'ಸ್ಪ್ಯಾನ್ಸಿಲ್ ಹಿಲ್' ಇನ್ನೊಂದು ಬಗೆಯದು. ಕ್ಲೇರ್ ಪ್ರಾಂತ್ಯದ ಮೈಕೆಲ್ ಕಾನ್ಸಿಡೈನ್ ಅದನ್ನು ಕಟ್ಟಿದ. ಅಮೆರಿಕಕ್ಕೆ ಹೋದ ಆತ 1873ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಹಾಡಿನಲ್ಲಿ ಅವನು ಕನಸಿನಲ್ಲಿ ಊರ ಜಾತ್ರೆಗೆ ಹೋಗುತ್ತಾನೆ, ನೆರೆಯವರನ್ನು ಕಾಣುತ್ತಾನೆ. ಕೋಳಿ ಕೂಗುತ್ತದೆ. ಕಣ್ಣು ಬಿಟ್ಟರೆ ಸಾವಿರಾರು ಮೈಲಿ ದೂರ.

ಈ ಎರಡೂ ಹಾಡುಗಳು ಇರುವುದು ಇಂಗ್ಲಿಷಿನಲ್ಲಿ! ಐರಿಷ್‌ನಲ್ಲೂ ವಲಸೆಯ ಹಾಡುಗಳಿವೆ. ಆದರೆ ಕ್ಷಾಮ ಹೆಚ್ಚು ಬಲಿ ಪಡೆದದ್ದು ಐರಿಷ್ ಆಡುವ ಬಡವರನ್ನೇ. ಉಳಿದವರಲ್ಲಿ ಎಷ್ಟೋ ತಾಯ್ತಂದೆಯರು, ಮಕ್ಕಳು ಹೇಗೂ ಹಡಗು ಹತ್ತುವವರೇ ಎಂದು ಇಂಗ್ಲಿಷ್ ಕಲಿಯಲು ಒತ್ತಾಯಿಸಿದರು. ಹೀಗೆ ಹೊರಟವರ ಜೊತೆ ಭಾಷೆಯೂ ಮನೆ ಬಿಟ್ಟಿತು. ತವರಿನ ನೆನಪನ್ನು ಆಳುವವರ ನುಡಿಯಲ್ಲೇ ಹಾಡಬೇಕಾಯಿತು.

ಆದರೂ ರಾಗಗಳು ಉಳಿದವು. ಕಾರ್ಕ್ ಪ್ರಾಂತ್ಯದಿಂದ ವಲಸೆ ಹೋಗಿ ಷಿಕಾಗೋ ಪೊಲೀಸ್ ಮುಖ್ಯಸ್ಥನಾದ ಫ್ರಾನ್ಸಿಸ್ ಓನೀಲ್, 1903ರಲ್ಲಿ 1850 ಐರಿಷ್ ಮಟ್ಟುಗಳ ಸಂಗ್ರಹವನ್ನು ಪ್ರಕಟಿಸಿದ. ಜನರ ಲೆಕ್ಕ ಮಾತ್ರ ತುಂಬಲಿಲ್ಲ. ದ್ವೀಪದ ಎರಡೂ ಭಾಗಗಳನ್ನು ಕೂಡಿಸಿದರೂ 2022ರ ಹೊತ್ತಿಗೆ ಜನಸಂಖ್ಯೆ ಸುಮಾರು 70 ಲಕ್ಷ. 1841ರ ಐರ್ಲೆಂಡ್ ಇನ್ನೂ ಮರಳಿಲ್ಲ.