ಬ್ಯಾಂಕ್ ಖಾತೆಯೇ ಇಲ್ಲದ ಸಂಸ್ಥೆ: ಪಂಡಿತಾ ರಮಾಬಾಯಿ ಯಾರನ್ನು ನೆಚ್ಚಿಕೊಂಡಿದ್ದರು?

 

ಬಿ.ಕಾಂ ಓದಿದ ನನ್ನಂಥವನನ್ನ ಈ ಕಥೆಗೆ ಎಳೆದದ್ದು ಒಂದೇ ಒಂದು ವಿವರ. 1907ರಲ್ಲಿ ಪಂಡಿತಾ ರಮಾಬಾಯಿ ತಮ್ಮ ನಂಬಿಕೆಯ ಸಾಕ್ಷಿ ಬರೆದು ಪ್ರಕಟಿಸ್ತಾರೆ. ಅದರಲ್ಲಿ ತಮ್ಮ ಸಂಸ್ಥೆಗೆ ಎಲ್ಲೂ ಬ್ಯಾಂಕ್ ಖಾತೆ ಇಲ್ಲ, ಠೇವಣಿ ಇಲ್ಲ, ನಿಶ್ಚಿತ ಆದಾಯ ಇಲ್ಲ ಅಂತ ಹೇಳ್ತಾರೆ. ದೂರೋ ಧಾಟಿ ಅಲ್ಲ ಅದು, ಖುಷಿಯಾಗೇ ಹೇಳ್ತಾರೆ. ನೂರಾರು ಹೆಣ್ಣುಮಕ್ಕಳಿಗೆ ದಿನಾ ಊಟ ಹಾಕ್ತಿದ್ದ ಸಂಸ್ಥೆ ರೀ ಇದು!

ಇದು ಹುಡುಗಾಟದ ಮಾತು ಅನ್ಕೋಬೇಡಿ. ಹತ್ತೊಂಬತ್ತನೇ ಶತಮಾನದ ಭಾರತದಲ್ಲಿ ‘ತನ್ನ ಕಾಲ ಮೇಲೆ ತಾನು ನಿಂತ ಹೆಂಗಸು’ ಯಾರು ಅಂತ ಕೇಳಿದ್ರೆ ಮೊದಲ ಸಾಲಿನಲ್ಲಿ ಬರೋ ಹೆಸರು ಇವರದ್ದೇ.

ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕಾಗಿ ಬಂದವರು. ಆ ತಾಯಿ ಮಗಳಿಗೂ ಕಲಿಸಿದ್ರು. ಕುಟುಂಬ ಊರೂರು ಅಲೆದು ಪುರಾಣ ಓದಿ ಜೀವನ ಮಾಡ್ತಿತ್ತು. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರೂ ಹೋದ್ರು. ಉಳಿದ ಅಣ್ಣ-ತಂಗಿ ನಡೆದೂ ನಡೆದೂ 1878ರಲ್ಲಿ ಕಲ್ಕತ್ತಾ ತಲುಪಿದ್ರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ‘ಪಂಡಿತಾ’, ‘ಸರಸ್ವತಿ’ ಅಂತ ಬಿರುದು ಕೊಟ್ರು.

ಮುಂದೆ ಅಣ್ಣ ತೀರಿಕೊಂಡ್ರು. ಜಾತಿ ಬಿಟ್ಟು ಬಂಗಾಳಿ ವಕೀಲರೊಬ್ಬರನ್ನ ಮದುವೆ ಆದ್ರು. 1882ರಲ್ಲಿ ಅವರೂ ಹೋದ್ರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. ಅದೇ ವರ್ಷ ಪುಣೆಗೆ ಬಂದು ‘ಸ್ತ್ರೀ ಧರ್ಮ ನೀತಿ’ ಅಂತ ಮರಾಠಿಯಲ್ಲಿ ಪುಸ್ತಕ ಬರೀತಾರೆ. ಅದು ಹೆಂಗಸರಿಗೆ ಹೇಳಿದ್ದರಲ್ಲಿ ಮುಖ್ಯವಾದದ್ದು ಸ್ವಾವಲಂಬನೆ: ನಿನ್ನ ಉದ್ಧಾರ ನೀನೇ ಮಾಡ್ಕೋ. ಹೇಳೋಕೆ ಅವರಿಗಿಂತ ಹಕ್ಕಿದ್ದೋರು ಯಾರು ಹೇಳಿ.

1883ರಲ್ಲಿ ಇಂಗ್ಲೆಂಡ್‌ಗೆ ಹೋಗಿ, ಅಲ್ಲೇ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ತಗೊಂಡ್ರು. ಕಥೆ ಇಲ್ಲಿಗೆ ಮುಗೀತು ಅನ್ಕೊಂಡ್ರೆ ತಪ್ಪು, ಯಾಕಂದ್ರೆ ಕ್ರೈಸ್ತರಾದ ಮೇಲೂ ಅವರು ಯಾರ ಮಾತನ್ನೂ ಸುಮ್ಮನೆ ಒಪ್ಪಲಿಲ್ಲ. ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಬಾರದು ಅಂತ ಬಿಷಪ್‌ಗಳು ಆಕ್ಷೇಪಿಸಿದಾಗ ವಾದಕ್ಕಿಳಿದ್ರು. ತಮ್ಮ ಸಲಹೆಗಾರ್ತಿ ಸಿಸ್ಟರ್ ಜೆರಾಲ್ಡೀನ್ ಜೊತೆ ಪತ್ರದ ಮೇಲೆ ಪತ್ರ ಬರೆದು ಜಗಳ ಆಡಿದ್ರು. ಪುರೋಹಿತರ ನೊಗ ಈಗಷ್ಟೇ ಕಳಚಿದ್ದೇನೆ, ಇನ್ನೊಂದು ನೊಗಕ್ಕೆ ಕತ್ತು ಕೊಡಲ್ಲ ಅನ್ನೋ ಧೋರಣೆ. ಆ ಪತ್ರಗಳು ಇವತ್ತಿಗೂ ಓದೋಕೆ ಮಜಾ ಇವೆ.

ಆಮೇಲೆ ಅಮೆರಿಕ. 1887ರ ಕೊನೆಗೆ ಬಾಸ್ಟನ್‌ನಲ್ಲಿ ಒಂದು ಸಂಘ ಕಟ್ಟಿಕೊಂಡು, ಹತ್ತು ವರ್ಷ ಹಣ ಕೊಡ್ತೀವಿ ಅನ್ನೋ ಭರವಸೆ ತಗೊಂಡು ಬಂದು, 1889ರಲ್ಲಿ ಮುಂಬೈನಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದ್ರು. ಪಕ್ಕಾ ಪ್ಲಾನಿಂಗ್.

ಈಗ ನನಗೆ ಮುಖ್ಯ ಅನ್ನಿಸೋ ಜಾಗ. ದೀಕ್ಷಾಸ್ನಾನ ಆಗಿ ಸುಮಾರು ಎಂಟು ವರ್ಷ ಆದ ಮೇಲೆ ರಮಾಬಾಯಿಗೆ ಒಂದು ಅರಿವಾಗುತ್ತೆ: ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲ. ಅಲ್ಲಿವರೆಗೂ ಅವರು ಧರ್ಮವನ್ನೂ ತಮ್ಮ ಬುದ್ಧಿಯಿಂದಲೇ ಪರೀಕ್ಷೆ ಮಾಡಿ ಆರಿಸಿಕೊಂಡಿದ್ರು, ಅಂಗಡೀಲಿ ಸೀರೆ ನೋಡಿ ಆರಿಸೋ ಹಾಗೆ. ನಾನು ಕಲಿತವಳು, ನಾನು ಸುಧಾರಕಿ, ನಾನು ದಾಟಿ ಬಂದವಳು ಅನ್ನೋ ಎಲ್ಲಾ ಪಟ್ಟಿ ಜೊತೆಗೇ ಇತ್ತು. ಆ ಪಟ್ಟಿಯಿಂದ ತನಗೆ ಬಿಡುಗಡೆ ಸಿಗಲ್ಲ, ಕೃಪೆಯನ್ನ ಬರಿಗೈಯಲ್ಲಿ ತಗೋಬೇಕು ಅಂತ ಒಪ್ಪೋಕೆ ಅವರಿಗೆ ಎಂಟು ವರ್ಷ ಬೇಕಾಯ್ತು. ಅಪ್ಪ-ಅಮ್ಮ ಹಸಿವಿಂದ ಸತ್ತ ಮೇಲೂ ಬದುಕಿ ನಿಂತ ಹೆಣ್ಣಿಗೆ ಇದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ.

ಪರೀಕ್ಷೆ ಬೇಗ ಬಂತು. ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂರ್ತಾರೆ ಅಂತ 1893ರಲ್ಲಿ ಪುಣೆಯಲ್ಲಿ ಗದ್ದಲ ಎದ್ದು, ‘ಕೇಸರಿ’ ಟೀಕೆ ಮಾಡಿ, ಸಲಹಾ ಮಂಡಳಿಯವರು ಹೊರನಡೆದು, ಹಲವು ಮನೆಯವರು ಮಕ್ಕಳನ್ನ ವಾಪಸ್ ಕರ್ಕೊಂಡು ಹೋದ್ರು. 1896-97ರ ಬರಗಾಲದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ ಸುಮಾರು 300 ಹುಡುಗಿಯರನ್ನ ಕರೆತಂದ್ರು. ಕಾಮರ್ಸ್ ಭಾಷೇಲಿ ಹೇಳ್ತೀನಿ ಕೇಳಿ: 1898ಕ್ಕೆ ಬಾಸ್ಟನ್‌ನ ಹತ್ತು ವರ್ಷದ ಗ್ಯಾರಂಟಿ ಮುಗಿಯೋದಿತ್ತು. ಆದಾಯ ನಿಲ್ಲೋ ಹೊತ್ತಿಗೆ ಸರಿಯಾಗಿ ಖರ್ಚು ಹಲವು ಪಟ್ಟು! ಯಾವ ಆಡಿಟರ್ ಸಹಿ ಹಾಕ್ತಾನೆ? ಹಾಗಿದ್ರೂ ಕೇಡ್‌ಗಾಂವ್‌ನಲ್ಲಿ ‘ಮುಕ್ತಿ’ ಎದ್ದು ನಿಂತಿತು. 1900ರ ಗುಜರಾತ್ ಬರಗಾಲದ ಹೊತ್ತಿಗೆ ಅಲ್ಲಿದ್ದೋರು ಎರಡು ಸಾವಿರದ ಹತ್ತಿರ ಹತ್ತಿರ.

ಹಣ ಆಕಾಶದಿಂದ ಬೀಳಲಿಲ್ಲ, ಇದನ್ನ ನಾನು ಮುಚ್ಚಿಡಲ್ಲ. ಅಮೆರಿಕದ ಸಂಘ ಹೊಸ ರೂಪದಲ್ಲಿ ಮುಂದುವರೀತು. ‘ಮುಕ್ತಿ ಪ್ರೇಯರ್ ಬೆಲ್’ ಅನ್ನೋ ಪತ್ರಿಕೆ ಓದಿ ದೂರದ ಭಕ್ತರು ದುಡ್ಡು ಕಳಿಸ್ತಿದ್ರು. ಕೇಡ್‌ಗಾಂವ್‌ನಲ್ಲಿ ಹೊಲ, ಬಾವಿ, ನೇಯ್ಗೆ, ಎಣ್ಣೆ ಗಾಣ, ಅಚ್ಚುಕೂಟ ಎಲ್ಲಾ ಇತ್ತು. ದೇವರನ್ನ ನೆಚ್ಚಿಕೊಂಡಿದ್ದು ಅಂದ್ರೆ ಕೈಕಟ್ಟಿ ಕೂತಿದ್ದು ಅಂತ ಅಲ್ಲ. ಬದಲಾಗಿದ್ದು ಇಷ್ಟು: ದಾನಿಗಳು ಕೈಬಿಟ್ರೆ, ಪುಣೆ ಕೈಬಿಟ್ರೆ, ಚರ್ಚು ಮುನಿಸಿಕೊಂಡ್ರೆ ತಾನು ಯಾರು ಅನ್ನೋ ಪ್ರಶ್ನೆಗೆ ಉತ್ತರ ಅವರ ಹತ್ರ ಇರಲಿಲ್ಲ, ಬೇರೆ ಕಡೆ ಭದ್ರವಾಗಿತ್ತು.

ನನಗೆ ಒಂದು ತಕರಾರು ಉಳಿದಿದೆ. ಹಸಿದು ಬಂದ ಹುಡುಗಿಗೆ ತನ್ನ ನಂಬಿಕೆ ಆರಿಸಿಕೊಳ್ಳೋ ಅವಕಾಶ ರಮಾಬಾಯಿಗೆ ಸಿಕ್ಕಷ್ಟು ಸಿಕ್ಕಿತ್ತಾ? ಎಂಟು ವರ್ಷ ವಾದ ಮಾಡಿ ಒಪ್ಪೋ ಐಷಾರಾಮ ಎಲ್ಲರಿಗೂ ಇರಲ್ಲ.

ಕೊನೇ ವರ್ಷಗಳನ್ನ ಅವರು ಒಂದೇ ಕೆಲಸಕ್ಕೆ ಕೊಟ್ರು: ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದದ ಮರಾಠಿ ಅನುವಾದ. 1921ರಲ್ಲಿ ಮನೋರಮಾ ತೀರಿಕೊಂಡಾಗಲೂ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚೋ ಮುಂಚೆ ಮುಗಿಸಿದ್ರು. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿದ್ರು. ಆ ಅನುವಾದದಲ್ಲಿ ಭಾರೀ ಸಂಸ್ಕೃತ ಪದಗಳನ್ನ ಬೇಕಂತಲೇ ದೂರ ಇಟ್ರು, ಹಳ್ಳಿ ಹೆಂಗಸರಿಗೂ ಅರ್ಥ ಆಗ್ಲಿ ಅಂತ. ಸಂಸ್ಕೃತಕ್ಕಾಗಿ ಕಲ್ಕತ್ತಾದಲ್ಲಿ ಸರಸ್ವತಿ ಅನ್ನಿಸಿಕೊಂಡಿದ್ದ ಅದೇ ಹುಡುಗಿ.