ಪೇಟೆಯ ತಂಡ, ಪರದೆಯ ತಂಡ

ನಿಪ್ಪಾಣಿ, ಬೋರಗಾಂವ, ಚಿಕ್ಕೋಡಿ ಸೀಮೆಯಲ್ಲಿ ಆಟವೆಂದರೆ ಹಿಂದಿನಿಂದಲೂ ಕುಸ್ತಿ. ಜಾತ್ರೆ ಬಂತೆಂದರೆ ಕುಸ್ತಿ ಕಣ ಸಿದ್ಧವಾಗಬೇಕು. ಊರಿಗೊಂದು ಗರಡಿ ಇರಬೇಕು. ಈ ಕಡೆಯ ಪೈಲವಾನರಿಗೆ ದೊಡ್ಡ ಅಖಾಡವೆಂದರೆ ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರ. ಅಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಷ್ಟು ಹಳೆಯದು. ಆದರೆ ಅದೇ ಕೊಲ್ಹಾಪುರದ ಶಾಹು ಕ್ರೀಡಾಂಗಣದಲ್ಲಿ ಊರಿನ ಎರಡು ಫುಟ್‌ಬಾಲ್ ತಂಡಗಳು ಎದುರಾದರೆ ಸಾವಿರಾರು ಜನ ಸೇರುತ್ತಾರೆ. ಅವರಲ್ಲಿ ಒಮ್ಮೆಯೂ ಚೆಂಡು ಒದೆಯದವರು ಎಷ್ಟೋ ಮಂದಿ. ಇಡೀ ದೇಶ ಕ್ರಿಕೆಟ್ಟಿನ ಹಿಂದೆ ಓಡುವಾಗ ಕುಸ್ತಿಯ ಊರಿಗೆ ಕಾಲ್ಚೆಂಡಿನ ಹುಚ್ಚು ಹಿಡಿದದ್ದು ಹೇಗೆ?

ಉತ್ತರ ತಂಡಗಳ ಹೆಸರಿನಲ್ಲೇ ಇದೆ. ಪಾಟಾಕಡೀಲ ತಾಲೀಮ, ದಿಲಬಹಾರ ತಾಲೀಮ, ಬಾಲಗೋಪಾಲ ತಾಲೀಮ, ಖಂಡೋಬಾ ತಾಲೀಮ. ತಾಲೀಮು ಎಂದರೆ ಗರಡಿಮನೆ. ಶಾಹು ಮಹಾರಾಜರ ಕಾಲದಲ್ಲಿ ಪೇಟೆ ಪೇಟೆಗೂ ಬೆಳೆದ ಗರಡಿಗಳು ಬರೀ ಸಾಮು ಮಾಡುವ ಜಾಗಗಳಾಗಿರಲಿಲ್ಲ. ಗಣೇಶೋತ್ಸವ ನಡೆಸುವುದು, ಓಣಿಯ ಜಗಳ ಬಗೆಹರಿಸುವುದು, ಕಷ್ಟಕ್ಕೆ ನೆರವಾಗುವುದು ಎಲ್ಲವೂ ಅಲ್ಲಿಂದಲೇ. ಬ್ರಿಟಿಷರು ತಂದ ಆಟಕ್ಕೆ ಕೊಲ್ಹಾಪುರದ ರಾಜಮನೆತನದ ಪೋಷಣೆ ದೊರೆಯಿತು. 1940ರಲ್ಲಿ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಕಾಲ್ಚೆಂಡು ಈ ಊರಿನಲ್ಲಿ ಹೊಸ ಮನೆ ಕಟ್ಟಿಕೊಳ್ಳಬೇಕಾಗಲಿಲ್ಲ. ಗರಡಿಮನೆಯಲ್ಲೇ ಅದಕ್ಕೆ ಜಾಗ ಸಿಕ್ಕಿತು.

ಹೀಗಾಗಿ ಇಲ್ಲಿ ಅಭಿಮಾನಿಯಾಗಲು ಆಟದ ಒಳಗುಟ್ಟು ತಿಳಿದಿರಬೇಕಿಲ್ಲ. ಆಫ್‌ಸೈಡ್ ಎಂದರೇನೆಂದು ಗೊತ್ತಿಲ್ಲದವನಿಗೂ ತನ್ನ ತಂಡ ಯಾವುದೆಂದು ಗೊತ್ತಿರುತ್ತದೆ. ಗಣಪತಿಗೆ ವರ್ಗಣಿ ಕೊಟ್ಟ ತಾಲೀಮೇ ಅವನ ತಂಡ. ಮೊದಲು ಪಕ್ಷ, ಆಮೇಲೆ ಆಟದ ಜ್ಞಾನ. ಈ ಕಟ್ಟುನಿಟ್ಟಾದ ನಿಷ್ಠೆಗೆ ಕೆಟ್ಟ ಮುಖವೂ ಉಂಟು. ಗೆದ್ದವರ ಕೇಕೆ ಸೋತವರ ಸಿಟ್ಟಿಗೆ ತಾಗಿ ಹೊಡೆದಾಟ, ಕಲ್ಲುತೂರಾಟಗಳಾಗಿವೆ. ಪೊಲೀಸರು ನಡುವೆ ಬಂದಿದ್ದಾರೆ.

ದೊಡ್ಡವರಾದ ಮೇಲೆ ಕಾಲ್ಚೆಂಡಿನ ಹುಚ್ಚು ಹಿಡಿಯಲು ಇನ್ನೊಂದು ಬಾಗಿಲು ಟೆಲಿವಿಷನ್. 1986ರ ವಿಶ್ವಕಪ್ ಪಂದ್ಯಗಳನ್ನು ದೂರದರ್ಶನ ಮೆಕ್ಸಿಕೋದಿಂದ ನೇರವಾಗಿ ತೋರಿಸಿತು. ಆ ಜೂನ್ 22ರಂದು ಇಂಗ್ಲೆಂಡಿನ ವಿರುದ್ಧ ಡಿಯಾಗೊ ಮರಡೋನಾ ಒಂದು ಗೋಲನ್ನು ಕೈಯಿಂದಲೂ ಇನ್ನೊಂದನ್ನು ಅರ್ಧ ಮೈದಾನ ಓಡಿಯೂ ಹೊಡೆದ. ನಿದ್ದೆಗೆಟ್ಟು ನೋಡಿದ ಎಷ್ಟೋ ಭಾರತೀಯರು ಬೆಳಗಾಗುವಷ್ಟರಲ್ಲಿ ಅರ್ಜೆಂಟೀನಾದ ಪಕ್ಷ ಸೇರಿದ್ದರು. ವಿಶ್ವಕಪ್ ಬಂದಾಗ ಕೊಲ್ಹಾಪುರದ ಓಣಿಗಳಲ್ಲೂ ಬ್ರೆಜಿಲ್, ಅರ್ಜೆಂಟೀನಾದ ಬಾವುಟಗಳು ಏರುತ್ತವೆ. ಆದರೆ ಪರದೆಯ ತಂಡಕ್ಕೆ ತನ್ನ ಅಭಿಮಾನಿ ಯಾರೆಂಬುದೇ ತಿಳಿಯದು.

ಕರ್ನಾಟಕದಲ್ಲಿ ಕಾಲ್ಚೆಂಡಿನ ಹಳೆಯ ನೆಲೆ ಬೆಂಗಳೂರಿನ ದಂಡು ಪ್ರದೇಶ. ಅಲ್ಲಿನ ಬ್ಯಾಂಗಲೂರ್ ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಮತ್ತೆ ಅದನ್ನು ಎತ್ತಿದ್ದು 2023ರಲ್ಲಿ. ಈ ನಡುವೆ ಬೆಂಗಳೂರಿನ ಬಹುಪಾಲು ಜನರಿಗೆ ಕಾಲ್ಚೆಂಡು ದೂರದ ಆಟವಾಗಿತ್ತು. 2013ರಲ್ಲಿ ಒಂದು ಉದ್ಯಮ ಸಮೂಹ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಅದು ಮೊದಲ ವರ್ಷವೇ ಐ-ಲೀಗ್ ಗೆದ್ದಾಗ, ಅದುವರೆಗೆ ಇಂಗ್ಲೆಂಡಿನ ಕ್ಲಬ್ಬುಗಳನ್ನು ಟಿ.ವಿ.ಯಲ್ಲಿ ನೋಡುತ್ತಿದ್ದವರಿಗೆ ಸ್ವಂತದ್ದೊಂದು ತಂಡ ಸಿಕ್ಕಿತು. ನೌಕರಿ ಹಿಡಿದು ಊರಿಗೆ ಬಂದವರು, ಸಂಸಾರಸ್ಥರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಗುಂಪಾಗಿ ತೊಂಬತ್ತು ನಿಮಿಷವೂ ನಿಂತೇ ಹಾಡಿದರು. ಪರದೆಯ ಅಭಿಮಾನಿಗಳು ಗ್ಯಾಲರಿಗೆ ಬಂದಿದ್ದರು.

ಆದರೆ ತಂಡ ಯಾರದು ಎಂಬ ಪ್ರಶ್ನೆ ಉಳಿದೇ ಇತ್ತು. 2025ರ ಜುಲೈಯಲ್ಲಿ ಒಪ್ಪಂದದ ಗೊಂದಲದಿಂದ ಇಂಡಿಯನ್ ಸೂಪರ್ ಲೀಗನ್ನು ಸಂಘಟಕರು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿತು. ಹನ್ನೆರಡು ವರ್ಷ ಗಂಟಲು ಹರಿದುಕೊಂಡ ಅಭಿಮಾನಿಗೆ ಕಾಯುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ.

ಅಮೆರಿಕದ ಸಣ್ಣ ಊರುಗಳೂ ಇದೇ ಪ್ರಶ್ನೆಯನ್ನು ಎದುರಿಸಿವೆ. 1994ರ ವಿಶ್ವಕಪ್ಪಿಗೆ ಆತಿಥ್ಯ ವಹಿಸಿದ ಆ ದೇಶದಲ್ಲಿ ವೃತ್ತಿಪರ ಮೇಜರ್ ಲೀಗ್ ಶುರುವಾದದ್ದು 1996ರಲ್ಲಿ. ಅದರ ತಂಡಗಳೆಲ್ಲ ದೊಡ್ಡ ನಗರಗಳ ಪಾಲಾದವು. ಮಕ್ಕಳನ್ನು ಆಟಕ್ಕೆ ಕರೆದೊಯ್ದು ಮೈದಾನದಂಚಿನಲ್ಲಿ ನಿಂತ ತಂದೆತಾಯಿಯರು ತಾವೇ ಅಭಿಮಾನಿಗಳಾದರೂ ಸಣ್ಣ ಊರಿನವರಿಗೆ ತಮ್ಮದೆನ್ನುವ ತಂಡವಿರಲಿಲ್ಲ. ಟೆನೆಸ್ಸೀ ರಾಜ್ಯದ ಚಟನೂಗ ಎಂಬ ಊರಿನವರು 2009ರಲ್ಲಿ ತಾವೇ ಒಂದು ಕ್ಲಬ್ ಕಟ್ಟಿಕೊಂಡರು. 2019ರಲ್ಲಿ ಅದರ ಷೇರುಗಳನ್ನು ಅಭಿಮಾನಿಗಳಿಗೇ ಮಾರಿದರು. ತಂಡದ ಮೇಲೆ ಪ್ರೀತಿಯಿದ್ದವರಿಗೆ ಅದರಲ್ಲಿ ಪಾಲೂ ದೊರೆಯಿತು.

ಷೇರು ಪತ್ರದ ಮೂಲಕ ಚಟನೂಗ ಪಡೆದದ್ದು ಕೊಲ್ಹಾಪುರದ ಪೇಟೆಗಳಿಗೆ ವರ್ಗಣಿಯ ಮೂಲಕ ಹಿಂದೆಯೇ ದಕ್ಕಿತ್ತು. ತಾಲೀಮಿನ ತಂಡ ಸೋಲಬಹುದು, ಬಡವಾಗಬಹುದು. ಅದನ್ನು ಮುಚ್ಚುವ ಮಾಲೀಕ ಮಾತ್ರ ಯಾರೂ ಇಲ್ಲ. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ದೇಶದ ಪರ ಆಡಿದ ಅನಿಕೇತ್ ಜಾಧವ್ ಈ ಊರಿನ ಹುಡುಗ. ಹೆಸರು ಮಾಡಿದ ಆಟಗಾರರು ದೊಡ್ಡ ಕ್ಲಬ್ಬುಗಳಿಗೆ ಹೋಗುತ್ತಾರೆ, ಅದು ಸಹಜ. ಅಭಿಮಾನಿ ಹೋಗುವುದಿಲ್ಲ. ಮಳೆಗಾಲ ಮುಗಿದು ಮೈದಾನ ಒಣಗಿತೆಂದರೆ ತನ್ನ ಪೇಟೆಯ ಬಣ್ಣ ತೊಟ್ಟು ಅವನು ಮತ್ತೆ ಶಾಹು ಕ್ರೀಡಾಂಗಣದ ಮೆಟ್ಟಿಲೇರುತ್ತಾನೆ.